ಮುಳುಗಿದ ಕಲ್ಲುಗಳ ಹೆಸರು

ಮಾರ್ಚ್ 27, 1973, ಮಂಗಳವಾರ

ಅಣೆಕಟ್ಟಿನವರು ಎಂಟಕ್ಕೆ ಎಂಟೂ ಟರ್ಬೈನು ಬಿಟ್ಟಿದ್ದಾರೆ. ಬಸ್ಸಿಳಿದು ಗುಡ್ಡ ದಾಟುವಾಗಲೇ ನದಿಯ ಸದ್ದು ಕೇಳಿಸಿತು. ನನಗೆ ನೆನಪಿರುವ ಸದ್ದಲ್ಲ ಅದು. ನಾನು ಚಿಕ್ಕವಳಿದ್ದಾಗ ಬೇಸಿಗೆಯ ಬೆಳಗ್ಗೆ ಮಾರ್ಲ್ ನದಿ ಕಲ್ಲುಗಳ ಜೊತೆ ಮಾತಾಡಿಕೊಂಡು ಹೋಗುತ್ತಿತ್ತು. ಈಗ ಒಂದು ಕಲ್ಲೂ ಕಾಣುವುದಿಲ್ಲ. ದಡದ ವಿಲ್ಲೋ ಗಿಡಗಳು ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ನಡುಗುತ್ತಿವೆ. ಚಳಿಗಾಲದ ಮಳೆಯನ್ನೆಲ್ಲ ಸರೋವರದಲ್ಲಿ ತುಂಬಿಟ್ಟುಕೊಂಡು ಈಗ ತಮಗೆ ಬೇಕಾದಾಗ ಬೇಕಾದಷ್ಟು ಬಿಡುತ್ತಾರೆ. ನದಿಯನ್ನು ನಲ್ಲಿ ಮಾಡಿದ್ದಾರೆ!

ಹೋಬರ್ಟ್ ಮಾವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ. ನೀರು ಏರಿದಂತೆಲ್ಲ ತೇಲುವ ದೋಣಿಕಟ್ಟೆಯನ್ನು ದಡದ ಮೇಲಕ್ಕೆ ಎಳೆಯಬೇಕು. ಎಳೆಯುವ ರಾಟೆಯ ಹಿಡಿ ಕೈತಪ್ಪಿ ತಿರುಗಿ ಮಣಿಕಟ್ಟಿಗೆ ಬಡಿಯಿತಂತೆ. ಅಮ್ಮ ನನ್ನನ್ನು ಕಳಿಸಿದ್ದು ಅದಕ್ಕೆ: ಅಣ್ಣನ ಕೈ ಸರಿಯಾಗುವವರೆಗೆ ಮೀನು ಹಿಡಿಯಲು ಬರುವ ಅತಿಥಿಗಳಿಗೆ ಅವನ ದೋಣಿ ನಡೆಸು ಅಂತ. ಶೂ ಕಾರ್ಖಾನೆಯಲ್ಲಿ ಆರು ವಾರ ರಜೆ ಕೇಳಿದಾಗ ಮೇಸ್ತ್ರಿ, "ಏನು, ಟ್ರೌಟ್ ಹಿಡಿಯೋಕಾ?" ಅಂತ ನಕ್ಕ.

ಹಿಡಿಯುವುದಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ. ಟ್ರೌಟ್ ಈ ನದಿಯ ಮೀನೇ ಅಲ್ಲ. ಅಣೆಕಟ್ಟಿನ ತಳದಿಂದ ಬರುವ ಹಿಮದಂಥ ನೀರಿಗೆ ನಮ್ಮ ಕಿರುಬಾಯಿ ಬಾಸ್ ಮೀನುಗಳು ಸತ್ತು ಹೋದವು. ಖಾಲಿಯಾದ ನದಿಗೆ ತೊಟ್ಟಿಯಲ್ಲಿ ಬೆಳೆಸಿದ ಟ್ರೌಟ್ ಮರಿಗಳನ್ನು ಲಾರಿಯಲ್ಲಿ ತಂದು ಸುರಿದರು. ಅದು ಫ್ಯಾಕ್ಟರಿ ಮೀನು. ದೋಣಿ ನಡೆಸುತ್ತೇನೆ, ಗಾಳ ಹಾಕುವುದಿಲ್ಲ.

ನಾನು ಬಂದಿರುವುದು ಬೇರೆಯದಕ್ಕೆ. ಈಗ ಟ್ಯಾನರ್ ಹೊಳೆಗೂ ಅಣೆಕಟ್ಟು ಕಟ್ಟುತ್ತಾರಂತೆ. ಮೇ ಹನ್ನೆರಡಕ್ಕೆ ಹೈಸ್ಕೂಲಿನಲ್ಲಿ ಅಹವಾಲು ಸಭೆ. ಅಣೆಕಟ್ಟು ವಿರೋಧಿಸುವ ನಮ್ಮ ಸಮಿತಿಯ ಲೈಲ್ ಹೇಳುವ ಪ್ರಕಾರ, ಅಣೆಕಟ್ಟಿಗಿಂತ ಮುಂಚಿನ ಮಾರ್ಲ್ ನದಿಯಲ್ಲಿ ದೋಣಿ ನಡೆಸಿದವರಲ್ಲಿ ಬದುಕಿರುವವನು ನನ್ನ ಮಾವ ಒಬ್ಬನೇ. ಅವನು ಎದ್ದು ನಿಂತು "ಇವರು ನಮ್ಮ ನದಿಯನ್ನು ಕೊಂದರು" ಅಂದರೆ ಸಾಕು. ಒಬ್ಬ ಹೋಬರ್ಟ್ ನೂರು ಕರಪತ್ರಕ್ಕೆ ಸಮ. ಚೀಲದಲ್ಲಿ 'ಹರಿಯುವುದು ನದಿಯ ಹಕ್ಕು' ನಲವತ್ತು ಪ್ರತಿ ತಂದಿದ್ದೇನೆ.

ಆರ್ವಿಲಾ ಅತ್ತೆ ಬಾಗಿಲಲ್ಲೇ ತಬ್ಬಿಕೊಂಡಳು. "ಬಂದ್ಯಾ ಟ್ವೈಲಾ? ಬದುಕಿದೆ. ಇವನು ಎಡಗೈಲಿ ಕಾಫಿ ಕುಡಿದೂ ಕುಡಿದೂ ನನ್ನ ಮೇಜುಬಟ್ಟೆ ಚಿರತೆ ಚರ್ಮ ಆಗಿದೆ."

ಅಡುಗೆಮನೆಯ ದೀಪ ಮಟಮಟ ಮಧ್ಯಾಹ್ನ ಉರಿಯುತ್ತಿತ್ತು. ಅಣೆಕಟ್ಟಿನ ಕರೆಂಟು! ಆರಿಸಿದೆ. ಅತ್ತೆ ಮತ್ತೆ ಹಾಕಿದಳು.

ಮಾರ್ಚ್ 29

ದೋಣಿ ಕಲಿಯುತ್ತಿದ್ದೇನೆ. ಮಾವ ತಾನೇ ಹಲಗೆ ಕೊಯ್ದು ಮಾಡಿದ್ದು, ಇಪ್ಪತ್ತಡಿ ಉದ್ದ, ಚಪ್ಪಟೆ ತಳ. ನಾನು ಹಿಂದೆ ಮೋಟಾರಿನ ಹತ್ತಿರ, ಅವನು ನಡುವೆ.

"ಮುಂದೆ ಏನಿದೆ ಹೇಳು."

"ನೀರು."

"ನೀರು ನಂಗೂ ಕಾಣುತ್ತೆ. ನೀರಡಿ ಏನಿದೆ?"

"ಕಾಣಲ್ಲ ಮಾವ."

"ಕಾಣೋ ನದೀಲಿ ನಮ್ಮ ಮನೆ ಬೆಕ್ಕೂ ದೋಣಿ ನಡೆಸುತ್ತೆ. ಎಡಕ್ಕೆ ತಗೋ. ಇನ್ನೂ ಎಡಕ್ಕೆ. ಅಲ್ಲಿರೋದು ಪಾದ್ರಿ ಬಿದ್ದ ಕಲ್ಲು."

ನೀರು ಇಳಿದಾಗ ಮೇಲೆದ್ದು ಕಾಣುವ ಪ್ರತಿ ಬಂಡೆಗೂ ಕಲ್ಲುಸಾಲಿಗೂ ಮಡುವಿಗೂ ಒಂದು ಹೆಸರಿದೆ. ಎಂಟು ಟರ್ಬೈನಿನ ನೀರಿನಲ್ಲಿ ಇರುವುದು ಹೆಸರು ಮಾತ್ರ. ದಡದ ಗುರುತು ಹಿಡಿದು ಹೋಗಬೇಕು: ಸಿಡಿಲು ಬಡಿದ ಸಿಕಮೋರ್ ಮರ ಎದುರಾದರೆ ಬಲಗಡೆ ಹೇಸರಗತ್ತೆ ಮಡು, ಬಂಡೆಗೋಡೆಯ ಮೇಲೆ ತುಕ್ಕಿನ ಕಲೆ ಕಂಡರೆ ಕೆಳಗೆ ಮುರಿದ ಬಾಣಲೆ. ಪಾದ್ರಿ ಮೀನುಗಳನ್ನು ಆಶೀರ್ವದಿಸಲು ದೋಣಿಯಲ್ಲಿ ಎದ್ದು ನಿಂತಿದ್ದನಂತೆ. "ಮೀನು ಅವನನ್ನ ಆಶೀರ್ವಾದ ಮಾಡಿ ಕಳಿಸಿದವು" ಅಂದ ಮಾವ.

ಬೇರೆ ಕಾಗದ ಇರಲಿಲ್ಲ. ಹೆಸರುಗಳನ್ನು ಒಂದು ಕರಪತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಇವತ್ತಿಗೆ ಒಂಬತ್ತು.

ನನ್ನ ಕಾಲಬುಡದ ಬಕೆಟ್ಟಿನಲ್ಲಿ ಹಳೇ ಸರಪಳಿ ಸುರುಳಿ ಸುತ್ತಿಕೊಂಡಿದೆ. ನೀರು ಕಡಿಮೆ ಇದ್ದಾಗ ಅದನ್ನು ಹಗ್ಗ ಕಟ್ಟಿ ಹಿಂದಿನಿಂದ ಬಿಡುತ್ತಾರೆ. ತಳಕ್ಕೆ ಉಜ್ಜಿಕೊಂಡು ಬಂದು ದೋಣಿಯನ್ನು ನಿಧಾನ ಮಾಡುತ್ತದೆ. ಏಳು ವರ್ಷದವಳಿದ್ದಾಗ ದೋಣಿಯ ತಳದಲ್ಲಿ ಮಲಗಿ ಹಲಗೆಗೆ ಕಿವಿಯಿಟ್ಟು ಆ ಸದ್ದು ಕೇಳುತ್ತಿದ್ದೆ. ಜಲ್ಲಿಯ ಮೇಲೆ ಸರಪಳಿ: ಯಾರೋ ದೂರದಲ್ಲಿ ಬಟ್ಟಲುಗಳನ್ನು ಜೋಡಿಸಿಡುತ್ತಿರುವಂತೆ. ಪ್ರಪಂಚದಲ್ಲಿ ಅದಕ್ಕಿಂತ ಒಳ್ಳೆಯ ನಿದ್ದೆ ನನಗೆ ಬಂದಿಲ್ಲ.

"ಅದನ್ನ ಈ ನೀರಲ್ಲಿ ಮುಟ್ಟಬೇಡ" ಅಂದ ಮಾವ. "ತಳದಲ್ಲಿ ಮುಳುಗಿದ ಮರ ಇರ್ತವೆ. ಸಿಕ್ಕಿಕೊಂಡಿತೋ, ದೋಣಿ ಹಿಂಬದಿಯಿಂದ ನೀರು ಕುಡಿಯುತ್ತೆ. ಅಯ್ಯೋ ಅನ್ನೋಕೂ ಪುರುಸೊತ್ತಿರಲ್ಲ."

"ಮತ್ಯಾಕೆ ಇಟ್ಟಿದೀಯ?"

"ಅದರ ಜಾಗ ಅದು. ಇರಲಿ."

ಏಪ್ರಿಲ್ 2

ಅಣೆಕಟ್ಟಿನ ಕಚೇರಿಗೆ ಫೋನು ಮಾಡಿದರೆ ನಾಳೆ ಎಷ್ಟು ಟರ್ಬೈನು ಅಂತ ಒಬ್ಬ ಹೇಳುತ್ತಾನೆ. ದಿನಾ ಸಂಜೆ ಕೇಳುವ ಕೆಲಸ ಈಗ ನನ್ನದು. ಶತ್ರುವಿನ ಜೊತೆ ಮಾತಾಡುವುದು. "ಎಂಟು" ಅಂದ. "ಥ್ಯಾಂಕ್ಸ್" ಅನ್ನದೆ ಇಟ್ಟೆ.

ಏಪ್ರಿಲ್ 6

ಕೇಳಿಯೇಬಿಟ್ಟೆ. ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ತಿನ್ನುತ್ತಾ ಕೂತಿದ್ದೆವು.

"ಮಾವ, ಮೇ ಹನ್ನೆರಡಕ್ಕೆ ಸಭೆ ಇದೆ. ನೀನು ಬರಬೇಕು. ಹಳೇ ನದಿ ಹೇಗಿತ್ತು ಅಂತ ಮೂರು ನಿಮಿಷ ಹೇಳಿದ್ರೆ ಸಾಕು."

ಅವನು ಬ್ರೆಡ್ಡನ್ನು ಹಾಲಿನ ಲೋಟದೊಳಗೆ ಪುಡಿ ಮಾಡುತ್ತಾ ಇದ್ದ. "ನೀರು ಇಳೀಲಿ, ನೋಡೋಣ."

"ನೀರಿಗೂ ಮಾತಿಗೂ ಏನು ಸಂಬಂಧ?"

"ನೀನೇ ಹೇಳು, ಓದಿದವಳು."

ಅತ್ತೆ ಅವನ ಕಡೆ ಒಮ್ಮೆ ನೋಡಿದಳು, ಆಮೇಲೆ ಎದ್ದು ಇನ್ನಷ್ಟು ಬೀನ್ಸು ತಂದಳು. ಯಾರೂ ಕೇಳಿರಲಿಲ್ಲ.

ಈ ಮನೆಯಲ್ಲಿ ಭಯ ಇದೆ. ಕರಪತ್ರದ ಎರಡನೇ ಪುಟದಲ್ಲಿ ಬರೆದಿದೆಯಲ್ಲ, 'ಸೋತವರು ಸೋಲನ್ನೇ ಮನೆ ಮಾಡಿಕೊಳ್ಳುತ್ತಾರೆ' ಅಂತ. ಹಾಗೆ.

ಏಪ್ರಿಲ್ 11

ಮಾವನ ಕೈಗೆ ಆಗದ ಕಾರಣ ಗರಿಗಾಳ ಕಟ್ಟುವುದೂ ನನ್ನ ಪಾಲಿಗೆ ಬಂದಿದೆ. ಕೊಕ್ಕೆಗೆ ಗರಿ, ಜಿಂಕೆ ಕೂದಲು ಸುತ್ತಿ ಹುಳದ ಹಾಗೆ, ಮೀನಿನ ಮರಿಯ ಹಾಗೆ ಮಾಡುವುದು. ಈ ಏರುನೀರಿಗೆ ಸಣ್ಣದು ನಡೆಯುವುದಿಲ್ಲ. ಬೆರಳುದ್ದ ಬೇಕು, ಕಲ್ಲಡಿಯ ದಪ್ಪತಲೆ ಮೀನಿನಂತೆ ಕಾಣಬೇಕು. ನಾನು ಮೊದಲು ಕಟ್ಟಿದ್ದನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, "ಇದನ್ನ ಮೀನು ತಿನ್ನಲ್ಲ, ಹೂಳುತ್ತೆ" ಅಂದಳು.

ಕಟ್ಟುವುದು ಬೇರೆ, ಹಾಕುವುದು ಬೇರೆ. ನನ್ನ ಮಾತಿಗೆ ಭಂಗ ಬಂದಿಲ್ಲ.

ಗಾಳ ಎಸೆಯುವುದನ್ನು ಮಾತ್ರ ಹುಲ್ಲಿನ ಮೇಲೆ ಕಲಿತೆ, ಕೊಕ್ಕೆ ಇಲ್ಲದೆ. ಅತಿಥಿಗಳಿಗೆ ಹೇಳಿಕೊಡಬೇಕಲ್ಲ. ಮಾವ ಮೆಟ್ಟಿಲ ಮೇಲೆ ಕೂತು ಎಡಗೈ ಬೆರಳಲ್ಲಿ ತಾಳ ಹಾಕುತ್ತಾನೆ. "ಹಿಂದಕ್ಕೆ... ಕಾಯಿ. ದಾರ ಪೂರ್ತಿ ಹಿಂದೆ ಹೋಗಲಿ. ಹೋಯ್ತಾ? ಈಗ. ಏ ಹುಡುಗೀ, ಹಾವು ಹೊಡೀತಿದೀಯಾ? ಕಾಯಿ ಅಂದ್ನಲ್ಲ."

ನನಗೆ ಕಾಯಲು ಬರುವುದಿಲ್ಲ. ಕಾದು ಕಾದೇ ಈ ಊರಿನ ನದಿ ಹೋದದ್ದು.

ಏಪ್ರಿಲ್ 15, ಭಾನುವಾರ

ಚರ್ಚಿನಿಂದ ಬರುವಾಗ ಸರೋವರದ ಮೇಲಿನ ದಾರಿಯಲ್ಲಿ ಬಂದೆವು. ಡಾಗ್‌ವುಡ್ ಮರಗಳು ಬೆಳ್ಳಗೆ ಅರಳಿವೆ. ಅಜ್ಜನ ಹಳೇ ಮನೆಯ ಮುಂದೆ ಮಾವ ಗಾಡಿಯನ್ನು ನಿಧಾನ ಮಾಡಿದ, ನಿಲ್ಲಿಸಲಿಲ್ಲ.

ಬೆಥೆಲ್ ಕಡವು ಈಗ ಆ ನೀರಿನಡಿ ತೊಂಬತ್ತು ಅಡಿ ಆಳದಲ್ಲಿದೆ. ಅಜ್ಜ, ಮಾವನ ಅಪ್ಪ, ಅಲ್ಲಿ ನಲವತ್ತು ವರ್ಷ ಜನರನ್ನು, ಹಸುಗಳನ್ನು, ಒಮ್ಮೆ ಒಂದು ಪಿಯಾನೋವನ್ನೂ ದಾಟಿಸಿದ್ದ. ಅಣೆಕಟ್ಟು ಬಂದ ಮೇಲೆ ಗುಡ್ಡದ ಮೇಲೆ ಈ ಮನೆ ಕೊಟ್ಟರು. ಅಜ್ಜ ಜಗಲಿಯಲ್ಲಿ ಕುರ್ಚಿಯನ್ನು ಯಾವಾಗಲೂ ನೀರಿಗೆ ಬೆನ್ನು ಮಾಡಿ ಹಾಕಿಕೊಳ್ಳುತ್ತಿದ್ದ. ಗೋಡೆ ನೋಡುತ್ತಾ ಕೂರುತ್ತಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ಆಗ ನಾನು ತಿಳಿದಿದ್ದೆ. ಮಾವ ಭಾನುವಾರ ಭಾನುವಾರ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಮಧ್ಯದಲ್ಲಿ ನೆಲದ ಮೇಲೆ ಕೂತು ವಾಲ್‌ನಟ್ ಒಡೆಯುತ್ತಿದ್ದೆ, ಒಬ್ಬರಿಗೊಂದು, ಇನ್ನೊಬ್ಬರಿಗೊಂದು. ಗಂಡಸರು ಹೀಗೇ ಇರುತ್ತಾರೆ ಅಂದುಕೊಂಡಿದ್ದೆ. ಆ ವಾಲ್‌ನಟ್ ರುಚಿ ಈಗಲೂ ನಾಲಿಗೆಯಲ್ಲಿದೆ.

ಹೆಸರುಗಳು ಇಪ್ಪತ್ತೆರಡಾದವು.

ಏಪ್ರಿಲ್ 19

ಮಿಸೆಸ್ ಹಾರ್ಗ್ರೋವ್ ಬಂದಿದ್ದಾರೆ, ಕಾನ್ಸಾಸ್ ಸಿಟಿಯಿಂದ. ಎಪ್ಪತ್ತೊಂದು ವರ್ಷ. ಹತ್ತೊಂಬತ್ತು ವರ್ಷದಿಂದ ಈಸ್ಟರ್ ವಾರ ಇಲ್ಲೇ. ಏರುನೀರು ಅಂತ ಉಳಿದ ಅತಿಥಿಗಳೆಲ್ಲ ಬರುವುದಿಲ್ಲ ಅಂದರು. ಇವರು ಬಿದಿರಿನ ಗಾಳದ ಕೋಲನ್ನು ಬಟ್ಟೆಚೀಲದಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದರು.

"ಹೋಬರ್ಟ್, ನಿಮ್ಮ ಕೈ ಏನಾಯ್ತು?"

"ರಾಟೆ ಕೈಕುಲುಕಿತು ಮಿಸೆಸ್ ಹಾರ್ಗ್ರೋವ್. ಈ ಸಲ ನಮ್ಮ ತಂಗಿ ಮಗಳು ದೋಣಿ ನಡೆಸ್ತಾಳೆ."

ಅವರು ನನ್ನನ್ನು ಬೂಟಿನಿಂದ ಟೋಪಿವರೆಗೆ ನೋಡಿದರು. "ಈಜೋಕೆ ಬರುತ್ತಾ ಮಗು?"

"ಬರುತ್ತೆ."

"ನಂಗೆ ಬರಲ್ಲ. ನೆನಪಿರಲಿ."

ನೀರು ಏರಿದಾಗ ಮೀನು ಎಲ್ಲಿರುತ್ತದೆ ಅಂತ ಇವತ್ತು ಅರ್ಥವಾಯಿತು. ನಡುನದಿಯಲ್ಲಿ ಯಾವ ಮೀನಿಗೂ ನಿಲ್ಲಲು ಸಾಧ್ಯವಿಲ್ಲ. ಎಲ್ಲ ಅಂಚಿಗೆ ಬರುತ್ತವೆ: ಮುಳುಗಿದ ಗಿಡದ ಹಿಂದೆ, ಬೇಲಿಗಂಬದ ಹಿಂದೆ, ನೀರು ಒಂದು ಚಣ ಉಸಿರು ಬಿಡುವ ಜಾಗಕ್ಕೆ. "ಬಡವರ ಮನೆಗೆ ನೆಂಟರು ಬಂದ ಹಾಗೆ" ಅಂತಾನೆ ಮಾವ. ದೋಣಿಯನ್ನು ದಡಕ್ಕೆ ಸಮನಾಗಿ, ಇಪ್ಪತ್ತು ಮೊಳ ದೂರದಲ್ಲಿ ಇಟ್ಟುಕೊಂಡು ಹೋಗಬೇಕು. ಗಾಳ ಹಾಕುವವರಿಗೆ ಒಂದೊಂದು ಗಿಡಕ್ಕೆ ಒಂದೇ ಅವಕಾಶ. ಎಸೆತ ತಪ್ಪಿದರೆ ಆ ಗಿಡ ಹಿಂದೆ ಹೋಯಿತು, ಮತ್ತೆ ಸಿಗುವುದಿಲ್ಲ.

ಮಿಸೆಸ್ ಹಾರ್ಗ್ರೋವ್ ಒಂದನ್ನೂ ತಪ್ಪಿಸಲಿಲ್ಲ.

ಏಪ್ರಿಲ್ 21, ಶನಿವಾರ

ನಾನು ಮಾಡಿದ್ದನ್ನು ಬರೆದಿಡಬೇಕು.

ಪಾದ್ರಿ ಬಿದ್ದ ಕಲ್ಲಿನ ಕೆಳಗೆ, ಎಡದಂಡೆ. ಮಿಸೆಸ್ ಹಾರ್ಗ್ರೋವ್ ಒಂದು ವಿಲ್ಲೋ ಪೊದೆಯ ಹಿಂದೆ ಗಾಳ ಹಾಕಿದರು. ದೊಡ್ಡ ಕಂದು ಟ್ರೌಟ್ ಒಂದು ಅದರ ಹಿಂದೆಯೇ ಬಂತು, ಬೆನ್ನು ಕಂಡಿತು, ನನ್ನ ತೋಳಿನಷ್ಟು ಅಗಲ, ಆದರೆ ಬಾಯಿ ಹಾಕಲಿಲ್ಲ, ತಿರುಗಿ ಹೋಯಿತು. "ಅಯ್ಯೋ, ಇನ್ನೊಂದು ಸಲ, ಇನ್ನೊಂದೇ ಸಲ!" ಅಂತ ಅವರು ಕೂಗಿದರು. ದೋಣಿ ಆಗಲೇ ಜಾರುತ್ತಿತ್ತು. ಒಂದೇ ಒಂದು ಚಣ ನಿಧಾನ ಆದರೆ ಸಾಕಿತ್ತು. ನಾನು ಯೋಚಿಸಲಿಲ್ಲ. ನನ್ನ ಕೈ ತಾನಾಗಿ ಬಕೆಟ್ಟಿಗೆ ಹೋಯಿತು. ಸರಪಳಿಯನ್ನು ಹಿಂದಿನಿಂದ ಬಿಟ್ಟೆ.

ಆ ಸದ್ದು ಕೇಳಿಸಿತು. ಎರಡು ಚಣ, ಅಷ್ಟೇ. ಬಟ್ಟಲುಗಳು. ಮನಸ್ಸಿಗೆ ಹಾಯ್ ಅನ್ನಿಸಿತು, ಅದನ್ನೂ ಬರೆಯುತ್ತೇನೆ. ಆಮೇಲೆ ಹಗ್ಗ ಬಿಗಿಯಿತು. ದೋಣಿ ಗಕ್ಕನೆ ನಿಂತಿತು. ಮಾರ್ಲ್ ನದಿ ಪೂರ್ತಿ ನನ್ನ ಬೆನ್ನಿನ ಮೇಲೆ ಹತ್ತಿಬಂತು. ಹಿಂಬದಿ ಕೆಳಗಿಳಿಯಿತು, ಹಲಗೆಯ ಮೇಲಿಂದ ನೀರು ಒಳಗೆ ನುಗ್ಗಿ ಸೊಂಟಕ್ಕೆ ಬಂತು. ನಾನು ಹಗ್ಗ ಎಳೆಯುತ್ತಾ ಇದ್ದೆ, ಮೂರ್ಖಳ ಹಾಗೆ, ಎಂಟು ಟರ್ಬೈನನ್ನು ಕೈಯಲ್ಲಿ ಎಳೆಯುತ್ತಾ ಇದ್ದೆ. ಮಾವ ನನ್ನ ಹೆಗಲ ಮೇಲಿಂದ ಬಗ್ಗಿ ಎಡಗೈಯಲ್ಲಿ ಚಾಕು ಹಾಕಿದ. ಎರಡನೇ ಏಟಿಗೆ ಹಗ್ಗ ತುಂಡಾಯಿತು. ದೋಣಿ ಕುದುರೆಯ ಹಾಗೆ ಮುಂದಕ್ಕೆ ನೆಗೆಯಿತು.

ಕಾಲು ಮೈಲಿ ಹೋಗುವವರೆಗೂ ಮಾವ ಬೋಗುಣಿಯಿಂದ ನೀರು ಮೊಗೆದು ಹೊರಗೆ ಹಾಕುತ್ತಿದ್ದ. ಮಿಸೆಸ್ ಹಾರ್ಗ್ರೋವ್ ಮೊಣಕಾಲಿನವರೆಗೆ ನೀರಿನಲ್ಲಿ, ಕೋಲನ್ನು ಎದೆಗೆ ಅವಚಿಕೊಂಡು ಕೂತಿದ್ದರು. ಕೊನೆಗೆ ಅವರೇ, "ಟೋಪಿ ಹೋಯ್ತು" ಅಂದರು. "ಅದು ನಂಗೆ ಒಪ್ಪುತ್ತಿರಲಿಲ್ಲ ಬಿಡು."

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಬಕೆಟ್ಟನ್ನು ದೋಣಿಕಟ್ಟೆಗೆ ಎತ್ತಿಕೊಂಡು ಹೋಗಿ ಬೋರಲು ಹಾಕಿದ.

ಏಪ್ರಿಲ್ 22, ಈಸ್ಟರ್

ಊಟ ಆದ ಮೇಲೆ ಮಾವನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವನು ದೋಣಿಕಟ್ಟೆಯಲ್ಲಿ ಕೂತಿದ್ದ.

"ಆ ಸರಪಳಿ ಎಲ್ಲಿಂದ ಬಂತು ಗೊತ್ತಾ? ನಿಮ್ಮಜ್ಜ ಕಡವಿನ ದೋಣೀನ ರಾತ್ರಿ ಅದರಲ್ಲೇ ಕಟ್ಟಿ ಹಾಕ್ತಿದ್ದ. ನೀರು ಏರೋ ಹಿಂದಿನ ದಿನ ಹೋಗಿ ಬಿಚ್ಚಿಕೊಂಡು ಬಂದೆ. ಅವನು ಏನನ್ನೂ ತರಲಿಲ್ಲ. ನಾನು ಅದೊಂದನ್ನ ತಂದೆ."

ಇದೇ ಸಮಯ ಅನ್ನಿಸಿತು. "ಮಾವ, ಇದನ್ನೇ ಸಭೆಯಲ್ಲಿ ಹೇಳು. ಅವರು ಅಜ್ಜನಿಗೆ ಮಾಡಿದ್ದನ್ನ ಹೇಳು."

"ಅವರಲ್ಲ ಕೂಸೇ." ಅವನು ನೀರನ್ನೇ ನೋಡುತ್ತಿದ್ದ. "ನಲವತ್ತಾರರಲ್ಲಿ ಇದೇ ಥರ ಕೇಳೋಕೆ ಬಂದಿದ್ರು. ಬೆಥೆಲ್ ಶಾಲೇಲಿ ಸಭೆ. ಊರೆಲ್ಲ ತಲೆ ತಗ್ಗಿಸಿ ಕೂತಿತ್ತು. ನಾನೇ ಎದ್ದು ನಿಂತೆ. ಕಟ್ಟಿ ಅಂದೆ. ನಿಮ್ಮಜ್ಜ ನನ್ನ ಮುಂದಿನ ಬೆಂಚಲ್ಲೇ ಇದ್ದ, ತಿರುಗಿ ನೋಡಲಿಲ್ಲ. ಆಮೇಲೆ ನಾಲ್ಕು ವರ್ಷ ಅದರ ಕಾಂಕ್ರೀಟು ಸುರಿದೋರಲ್ಲಿ ನಾನೂ ಒಬ್ಬ."

"ಯಾಕೆ?"

"ಹಿಂದಿನ ವರ್ಷ ನಮಗೊಂದು ಮಗು ಆಗಿತ್ತು. ಸೀಮೆಎಣ್ಣೆ ದೀಪ. ಡಾಕ್ಟ್ರು 'ಬೆಳಕು ತನ್ನಿ, ಬೆಳಕು ತನ್ನಿ' ಅಂತ ಕೂಗ್ತಾನೇ ಇದ್ದ. ಇದ್ದಿದ್ದೇ ಅಷ್ಟು. ಮಗು ಉಳೀಲಿಲ್ಲ. ಕರೆಂಟು ಬರುತ್ತೆ ಅಂದ್ರು, ಎದ್ದು ನಿಂತೆ. ಒಂದು ಸಲ ಮಾತಾಡಿದೀನಿ ಟ್ವೈಲಾ. ಸಾಕು."

ನನ್ನ ಮಾವನೇ. ನನ್ನ ಸ್ವಂತ ಮಾವನೇ ಕಟ್ಟಿ ಅಂದವನು.

ಏಪ್ರಿಲ್ 23

ಲೈಲ್‌ಗೆ ಬರೆಯಲು ಕೂತೆ. ಹರಿದು ಹಾಕಿದೆ.

ಏಪ್ರಿಲ್ 26

ಬಸ್ಸು ಸೋಮವಾರ ಇದೆ. ಹೋಗಬೇಕು ಅಂದುಕೊಂಡಿದ್ದೇನೆ. ಆದರೆ ದೋಣಿಕಟ್ಟೆಯನ್ನು ಇನ್ನೂ ನಾಲ್ಕಡಿ ಎಳೆಯಬೇಕು, ಅತ್ತೆ ಒಬ್ಬಳೇ ಎಳೆಯಲಾರಳು.

ಸಂಜೆ ಅಡುಗೆಮನೆಗೆ ಹೋದೆ. ಯಾರೂ ಇರಲಿಲ್ಲ, ದೀಪ ಉರಿಯುತ್ತಿತ್ತು. ನೀರು ಕುಡಿದು ಬಂದೆ.

ಮೇ 1

ಏಳು ಟರ್ಬೈನು. ಒಂದು ಕಡಿಮೆ ಆಗಿದ್ದಕ್ಕೆ ನದಿಯ ಮುಖವೇ ಬೇರೆ ಆಗಿದೆ. ಮುರಿದ ಬಾಣಲೆಯ ಮೇಲೆ ನೀರು ಸ್ವಲ್ಪ ಸುಕ್ಕುಗಟ್ಟುತ್ತದೆ, ಗೊತ್ತಿದ್ದವರಿಗೆ ಕಾಣುತ್ತದೆ.

ಅತಿಥಿಗಳು ಇರಲಿಲ್ಲ. ಮಾವ ಎಡಗೈಯಲ್ಲಿ ಮೋಟಾರು ಹಿಡಿದು ನನ್ನನ್ನು ಮುಂದೆ ಕೂರಿಸಿದ. ಮಂಜು ನೀರಿನಿಂದ ಒಂದಾಳು ಎತ್ತರಕ್ಕೆ ನಿಂತಿತ್ತು, ಅದರ ಮೇಲೆ ಬಿಸಿಲು. ಬೇಲಿಗಂಬಗಳ ಸಾಲು ಬಂತು. ಮೂರನೇ ಕಂಬದ ಹಿಂದೆ ಬಟ್ಟಲಿನಷ್ಟು ಜಾಗದಲ್ಲಿ ನೀರು ಸುಮ್ಮನಿತ್ತು. ಗಾಳದ ಕೋಲನ್ನು ಹಿಂದಕ್ಕೆ ಬೀಸಿದೆ, ಕಾದೆ, ದಾರ ಪೂರ್ತಿ ನೇರವಾಗುವುದು ಬೆರಳಿಗೆ ತಿಳಿಯಿತು, ಆಮೇಲೆ ಬಿಟ್ಟೆ. ಗಾಳ ಕಂಬಕ್ಕೆ ತಾಗಿ ಅದರ ಬುಡದಲ್ಲೇ ಬಿತ್ತು. ಒಂದು, ಎರಡು ಅಂತ ಎಣಿಸಿ ಎಳೆದೆ. ಬಾಗಿಲು ಹಾಕಿಕೊಂಡ ಹಾಗೆ ದಾರ ನಿಂತಿತು.

ಅದನ್ನು ದೋಣಿಯ ಪಕ್ಕಕ್ಕೆ ತರಲು ಅರ್ಧ ಮೈಲಿ ಬೇಕಾಯಿತು. ಕಂದು ಟ್ರೌಟ್. ಹೊಟ್ಟೆ ಬೆಣ್ಣೆಯ ಬಣ್ಣ. ಪಕ್ಕೆಯಲ್ಲಿ ಕೆಂಪು ಚುಕ್ಕೆಗಳು, ಪ್ರತಿ ಚುಕ್ಕೆಯ ಸುತ್ತ ತಿಳಿನೀಲಿ ಉಂಗುರ, ಯಾರೋ ಪುರುಸೊತ್ತಾಗಿ ಕೂತು ಬಿಡಿಸಿದಂತೆ. ಇದು ಲಾರಿಯಲ್ಲಿ ಬಂದದ್ದಲ್ಲ, ಇದರ ಅಜ್ಜನ ಅಜ್ಜ ಬಂದಿರಬೇಕು, ಇದು ಇಲ್ಲೇ ಹುಟ್ಟಿದ್ದು ಅಂದ ಮಾವ. ಈಜುರೆಕ್ಕೆ ತೋರಿಸಿದ, ತೊಟ್ಟಿಯ ಮೀನಿನದರಂತೆ ಒಂದೂ ಸವೆದಿರಲಿಲ್ಲ. ನೀರಿನಲ್ಲಿ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆರಳು ಮರಗಟ್ಟಿತು. ಅದು ಉಸಿರು ತೆಗೆದುಕೊಂಡು, ತನಗೆ ಬೇಕಾದಾಗ ಹೋಯಿತು.

ಅತ್ತೆ ಕೇಳಿದಳು, "ಎಷ್ಟುದ್ದ ಇತ್ತು?"

"ಯಾರು ಅಳೆದ್ರು ಅತ್ತೆ? ನಂಗೇನು ಅದರ ಗೀಳಾ?"

ಇಪ್ಪತ್ತಮೂರು ಇಂಚು.

ಮೇ 8

ಹೆಸರುಗಳು ಮೂವತ್ತೊಂದು. ಸೇತುವೆಯವರೆಗೆ ಮುಗಿಯಿತು. ಮಾವನ ಪ್ಲಾಸ್ಟರು ಬಿಚ್ಚಿದರು. ಕೈ ಬಿಳಿಚಿ ಸಣ್ಣಗಾಗಿದೆ.

ಲೈಲ್‌ನಿಂದ ಕಾಗದ. ನಿನ್ನ ಮಾವನ ಹೇಳಿಕೆ ಸಿದ್ಧವಾಯಿತೇ, ನೀನೂ ಮಾತಾಡಬೇಕು, ನಿನ್ನ ಹೆಸರನ್ನೂ ಅವನ ಹೆಸರನ್ನೂ ಪಟ್ಟಿಗೆ ಸೇರಿಸಿದ್ದೇನೆ ಅಂತ. ಅವನನ್ನು ಕೇಳದೆ ಸೇರಿಸಿದ್ದಾನೆ. ಮಾವನಿಗೆ ಕಾಗದ ಓದಿ ಹೇಳಿದೆ. ಬಾ ಅಂತ ಅನ್ನಲಿಲ್ಲ. ಕೇಳಲು ಮನಸ್ಸು ಬರಲಿಲ್ಲ.

"ನಾನು ಮಾತಾಡ್ತೀನಿ ಮಾವ. ನಿನ್ನ ಹೆಸರು ಕರೆದ್ರೆ ಬಂದಿಲ್ಲ ಅಂತೀನಿ."

ಅವನು ಆ ಬಿಳಿ ಕೈಯನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಭಾಷಣ ಬರೆದೆ. ಚೆನ್ನಾಗಿ ಬಂದಿದೆ. 'ಕಾಂಕ್ರೀಟಿನ ಪ್ರತಿ ಚೀಲವೂ ಒಂದು ಸುಳ್ಳು' ಅನ್ನುವ ಸಾಲು ಮೊದಲು ಇತ್ತು. ಅದನ್ನು ತೆಗೆದೆ, ಉದ್ದ ಆಗುತ್ತಿತ್ತು.

ಮೇ 12, ಶನಿವಾರ

ಬೆಳಗ್ಗೆ ಗಾಡಿ ಹತ್ತಲು ಹೋದರೆ ಮಾವ ಆಗಲೇ ಒಳಗೆ ಕೂತಿದ್ದ, ಮದುವೆ-ಸಾವಿನ ಕೋಟು ಹಾಕಿಕೊಂಡು. ಅತ್ತೆ ಅವನ ಪಕ್ಕ. "ಬೇಗ ಹತ್ತು, ಇವನು ಮನಸ್ಸು ಬದಲಾಯಿಸೋ ಮುಂಚೆ" ಅಂದಳು.

ಹೈಸ್ಕೂಲಿನ ಆಟದ ಸಭಾಂಗಣ. ಮುಂದೆ ಮೇಜು, ಮೂವರು ಅಧಿಕಾರಿಗಳು, ಒಬ್ಬ ಬರೆದುಕೊಳ್ಳುವವಳು, ಒಂದು ಟಿಂಗ್ ಅನ್ನುವ ಗಂಟೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಪರವಾಗಿ ಮಾತಾಡಿದವರೂ ಇದ್ದರು; ಸುಳ್ಳು ಹೇಳಲಿಲ್ಲ ಅವರು. ನಮ್ಮ ಕಡೆಯವರು ಚೆನ್ನಾಗಿ ಮಾತಾಡಿದರು. ಅಧಿಕಾರಿಗಳು ತಲೆಯಾಡಿಸುತ್ತಿದ್ದರು, ಎಲ್ಲರಿಗೂ ಒಂದೇ ಸಮ.

ಮಾವನ ಹೆಸರು ಕರೆದರು. ಮೈಕಿನ ಮುಂದೆ ನಿಂತ. ಟೋಪಿ ಕೈಯಲ್ಲಿ.

"ನಾನು ಹೋಬರ್ಟ್ ಟಲ್ಲಿ. ನಲವತ್ತಾರರಲ್ಲಿ ಬೆಥೆಲ್ ಶಾಲೇಲಿ ಎದ್ದು ನಿಂತು ಕಟ್ಟಿ ಅಂದವನು ನಾನು. ಯಾಕೆ ಅಂದೆ ಅನ್ನೋದು ನನ್ನ ಮನೆ ವಿಷಯ. ಇವತ್ತು ಆದ್ರೂ ಅದೇ ಅಂತಿದ್ನೇನೋ. ಆದ್ರೆ ಆವತ್ತು ಏನೇನು ಮುಳುಗುತ್ತೆ ಅಂತ ನನ್ನನ್ನ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನ ಈಗ ಹೇಳ್ತೀನಿ, ಬರ್ಕೊಳ್ಳಿ."

ಅತ್ತೆ ನನ್ನ ಕೈ ಹಿಡಿದಳು.

"ಮ್ಯಾಕಿ ಕಡವಿನ ಬಾಯಿ. ಎರಡು ಕೊಡಲಿ. ಒದ್ದೆ ಭಾನುವಾರ. ಜೇನು ಬಂಡೆ. ಉದ್ದ ಮಡು, ಅದರ ಕೆಳಗೆ ಗಿಡ್ಡ ಮಡು. ಎಮ್ಮೆಟ್ ಗೆದ್ದ ಕಲ್ಲುಸಾಲು. ಹುಡುಗಿಯರ ದಿಣ್ಣೆ, ಅಲ್ಲಿ ಬಟ್ಟೆ ಒಗೀತಿದ್ರು..."

ಮೇಲಿಂದ ಕೆಳಕ್ಕೆ, ದೋಣಿ ಬರುವ ದಾರಿಯಲ್ಲೇ ಬಂದ. ಆತುರ ಇಲ್ಲ. ಕೆಲವಕ್ಕೆ ಕೈ ಎಡಕ್ಕೆ ಹೋಗುತ್ತಿತ್ತು, ಕೆಲವಕ್ಕೆ ಬಲಕ್ಕೆ. ಬೆಥೆಲ್ ಕಡವು ಬಂದಾಗ ಅಲ್ಲಿ ಚೂರು ನಿಂತ, ಯಾರನ್ನೋ ಹತ್ತಿಸಿಕೊಳ್ಳುವ ಹಾಗೆ. ಆಮೇಲೆ ಮುಂದೆ. ಟಿಂಗ್ ಅಂತು.

"ನಿಮ್ಮ ಸಮಯ ಮುಗೀತು ಮಿಸ್ಟರ್ ಟಲ್ಲಿ."

"ನಾನಿನ್ನೂ ಅಣೆಕಟ್ಟಿಗೇ ಬಂದಿಲ್ಲ. ಹನ್ನೊಂದಿವೆ."

"ನಿಯಮ ನಿಯಮ. ಮುಂದಿನವರು, ಮಿಸ್ ಟ್ವೈಲಾ ರೆನ್‌ಫ್ರೋ."

ನಾನು ಎದ್ದು, "ನನ್ನ ಮೂರು ನಿಮಿಷ ಮಾವನಿಗೆ" ಅಂದೆ. ಹಾಗೆ ಕೊಡಲು ಬರುವುದಿಲ್ಲ, ಮಾತಾಡುವವರು ನೀವೇ ಆಗಬೇಕು ಅಂದರು. ಸರಿ ಅಂತ ಮೈಕಿನ ಹತ್ತಿರ ಹೋದೆ. ಮಾವ ಹೋಗದೆ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ನನ್ನ ಕಿವಿಗೆ ಬಾಯಿ ತಂದ. ಕಾಫಿ ವಾಸನೆ. ಅವನು ಒಂದು ಹೇಳಿದ, ನಾನು ಅದನ್ನು ಗಟ್ಟಿಯಾಗಿ ಹೇಳಿದೆ. ಇನ್ನೊಂದು ಹೇಳಿದ, ನಾನು ಹೇಳಿದೆ. ಹನ್ನೊಂದೂ. ಕೊನೆಯದು 'ಅಮ್ಮನ ಒಲೆ'. ಅದರ ಮೇಲೆಯೇ ಗೋಡೆ ನಿಂತಿರುವುದು.

"ಇಷ್ಟು" ಅಂದ ಮಾವ.

ಸಮಯ ಇನ್ನೂ ಇತ್ತು. ಭಾಷಣದ ಕಾಗದ ಜೇಬಿನಲ್ಲಿತ್ತು, ತೆಗೆದುಕೊಳ್ಳಲು ಕೈ ಹಾಕಿದೆನೋ ಇಲ್ಲವೋ ನೆನಪಿಲ್ಲ. "ಅದರ ಕೆಳಗೆ ಕಿವುಡ ಬಂಡೆ" ಅಂದೆ. "ಏಳು ಬಿಸ್ಕತ್ತು. ವಿಧವೆ ಶಾರ್ಪಳ ತಿರುವು. ಹೇಸರಗತ್ತೆ ಮಡು..." ಗಂಟೆ ಹೊಡೆಯುವಾಗ ಪಾದ್ರಿ ಬಿದ್ದ ಕಲ್ಲಿನ ಹತ್ತಿರ ಇದ್ದೆ.

ದಪ್ಪ ಕನ್ನಡಕದ ಅಧಿಕಾರಿ ಕೇಳಿದ, "ಇವತ್ತಿನ ವಿಷಯ ಟ್ಯಾನರ್ ಹೊಳೆ. ಅದರ ಬಗ್ಗೆ ನೀವಿಬ್ಬರೂ ಏನೂ ಹೇಳಲಿಲ್ಲವಲ್ಲ?"

"ಅದರ ಹೆಸರು ನಂಗೆ ಗೊತ್ತಿಲ್ಲ ಸ್ವಾಮಿ" ಅಂದ ಮಾವ. "ಗೊತ್ತಿರೋರು ಇಲ್ಲೇ ಕೂತಿದಾರೆ. ಕಟ್ಟೋ ಮುಂಚೆ ಕೇಳಿ."

ನಮ್ಮ ನಂತರ ಟ್ಯಾನರ್ ಹೊಳೆಯ ಒಬ್ಬ ಮುದುಕಿ. ಪರವೋ ವಿರೋಧವೋ, ಕಾಗದ ಬರೆದು ತಂದಿದ್ದಳು. ಅದನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿದಳು. "ನಮ್ಮ ಹೊಲದ ಕೆಳಗಿಂದ ಶುರು ಮಾಡ್ತೀನಿ" ಅಂದಳು.

ಲೈಲ್‌ಗೆ ಸಿಟ್ಟು ಬಂದಿದೆ. ಒಂದೇ ಒಂದು ವಾದವನ್ನೂ ಮಂಡಿಸಲಿಲ್ಲ ನೀನು ಅಂದ. ನಿಜ. ಅಷ್ಟು ಚೆನ್ನಾಗಿ ಬರೆದಿದ್ದೆ, ಒಂದು ಸಾಲೂ ಓದಲಿಲ್ಲ. ಯಾಕೋ ತಿಳಿಯದು. ತೀರ್ಪು ಚಳಿಗಾಲದ ಹೊತ್ತಿಗೆ ಬರುತ್ತದಂತೆ.

ಮನೆಗೆ ಬಂದು ಫೋನು ಮಾಡಿದೆ. "ನಾಳೆ ಆರು" ಅಂದ ಅವನು. "ಥ್ಯಾಂಕ್ಸ್" ಅಂದೆ.

ಜೂನ್ 5, ಮಂಗಳವಾರ

ಒಂದೂ ಟರ್ಬೈನಿಲ್ಲ. ಬೆಳಗ್ಗೆ ಏಳಕ್ಕೆ ನದಿ ಎದ್ದು ಬಂದಿದೆ, ಅಂದರೆ ಇಳಿದಿದೆ. ಇಷ್ಟು ದಿನ ಬರೀ ಬಾಯಲ್ಲಿದ್ದವೆಲ್ಲ ಕಣ್ಣೆದುರು ಬಂದು ಕೂತಿವೆ. ಮುರಿದ ಬಾಣಲೆ ನಿಜಕ್ಕೂ ಬಾಣಲೆಯ ಹಾಗೇ ಇದೆ. ಚಿಕ್ಕಂದಿನಲ್ಲಿ ಇವನ್ನೆಲ್ಲ ನೋಡಿಯೇ ಇದ್ದೆ, ಆದರೆ ಆಗ ಅವು ಬರೀ ಕಲ್ಲು.

ಸರಪಳಿ ಹುಡುಕಲು ಹೋದೆವು. ಕಂಡಿತು. ಪಾದ್ರಿ ಬಿದ್ದ ಕಲ್ಲಿನ ಕೆಳಗೆ ಹಳೇ ಓಕ್ ಮರವೊಂದು ತಳದಲ್ಲಿ ಅಡ್ಡ ಮಲಗಿದೆ. ಅದರ ಕವಲಿಗೆ ಸುತ್ತಿಕೊಂಡಿದೆ. ಮಂಡಿಮಟ್ಟ ನೀರು. ತುಂಡಾದ ಹಗ್ಗ ಹರಿವಿನಲ್ಲಿ ಬಾಲದ ಹಾಗೆ ಆಡುತ್ತಿತ್ತು, ಅದರ ನೆರಳಿನಲ್ಲಿ ಒಂದು ಟ್ರೌಟ್, ಸಣ್ಣದು, ಮನೆ ಮಾಡಿಕೊಂಡಿತ್ತು. ನಾನು ಇಳಿದು ಬಿಡಿಸಲು ಹೋದೆ.

"ಬಿಡು" ಅಂದ ಮಾವ.

"ಅಜ್ಜನದಲ್ವಾ?"

"ಅವನದೇ. ನೀರಲ್ಲಿ ಇದ್ದದ್ದೇ, ನೀರಲ್ಲಿರಲಿ."

ಮಧ್ಯಾಹ್ನ ದೋಣಿಕಟ್ಟೆಗೆ ಹೊಸ ಅತಿಥಿಗಳು ಬಂದರು, ಗಂಡ ಹೆಂಡತಿ. ನಾಳೆ ಎಲ್ಲಿಗೆ ಹೋಗುವುದು ಅಂತ ಮಾವ ಅವರಿಗೆ ಕೈ ತೋರಿಸಿ ಹೇಳುತ್ತಿದ್ದ, ನಾನು ಒಳಗೆ ಗಾಳ ಕಟ್ಟುತ್ತಾ ಇದ್ದೆ. "ಪಾದ್ರಿ ಬಿದ್ದ ಕಲ್ಲು ದಾಟಿ ಬಲಕ್ಕೆ ಇಟ್ಕೋಬೇಕು. ಆಮೇಲೆ ಟ್ವೈಲಾಳ ಸರಪಳಿ. ಅದರ ಕೆಳಗೆ ಒಳ್ಳೆ ಮೀನಿದೆ."

ಪಟ್ಟಿಯಲ್ಲಿ ಪಾದ್ರಿಗೂ ಬಾಣಲೆಗೂ ನಡುವೆ ಜಾಗ ಇರಲಿಲ್ಲ. ಅಂಚಿನಲ್ಲಿ ಬರೆದು ಬಾಣದ ಗುರುತು ಹಾಕಿದೆ. ಮೂವತ್ತೆರಡು.

ಕಾರ್ಖಾನೆಯ ಕಾಗದ ಮೂರು ದಿನದಿಂದ ಕಿಟಕಿಯಲ್ಲಿದೆ. ಒಡೆದು ನೋಡಬೇಕು. ನಾಳೆ ಎರಡು ಟರ್ಬೈನು. ದೋಣಿ ಆರಕ್ಕೆ.